ಖಲೀಫ ಬೇಕೇಬೇಕಾ ಎಂದು ಕೇಳಿದ ಖಾಜಿ

1924ರ ಮಾರ್ಚ್ 3ರಂದು ಟರ್ಕಿಯ ಸಂಸತ್ತು ಖಲೀಫನ, ಅಂದರೆ ಪ್ರವಾದಿಯ ಉತ್ತರಾಧಿಕಾರಿ ಎನಿಸಿದ ಮುಸ್ಲಿಮರ ಮುಖಂಡನ, ಪದವಿಯನ್ನೇ ತೆಗೆದುಹಾಕಿತು. ಶಾಲೆಯಲ್ಲಿ ಓದಿದ ಖಿಲಾಫತ್ ಚಳವಳಿ ನೆನಪಿದೆ ಅಲ್ವಾ? ಗಾಂಧೀಜಿ ಮತ್ತು ಅಲಿ ಸಹೋದರರು ಉಳಿಸಲು ಹೋರಾಡಿದ್ದು ಇದೇ ಪದವಿಯನ್ನು. ಖಾಲಿಯಾದ ಆ ಪಟ್ಟದ ಮೇಲೆ ಈಜಿಪ್ಟಿನ ದೊರೆ ಫುವಾದ್‌ಗೆ ಕಣ್ಣು ಬಿತ್ತು.

ಆಗ ಅದೇ ದೇಶದ ಮನ್ಸೂರಾದಲ್ಲಿ ಅಲಿ ಅಬ್ದುಲ್ ರಾಜಿಕ್ ಎಂಬ ಖಾಜಿ, ಅಂದರೆ ಶರೀಅತ್ ನ್ಯಾಯಾಧೀಶರು, ಇದ್ದರು. ಕೈರೋದ ಹೆಸರಾಂತ ಇಸ್ಲಾಮಿ ವಿದ್ಯಾಕೇಂದ್ರ ಅಲ್-ಅಜ್ಹರ್‌ನಲ್ಲಿ ಓದಿದವರು. ಸ್ವಲ್ಪ ಕಾಲ ಆಕ್ಸ್‌ಫರ್ಡ್‌ನಲ್ಲೂ ಇದ್ದವರು. 1925ರಲ್ಲಿ ಅವರು ಇಸ್ಲಾಂ ಮತ್ತು ಆಡಳಿತದ ಬುನಾದಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಖಲೀಫ ಇರಲೇಬೇಕು ಅನ್ನುವುದಕ್ಕೆ ಕುರಾನಿನಲ್ಲಾಗಲಿ ಹದೀಸಿನಲ್ಲಾಗಲಿ (ಪ್ರವಾದಿಯ ಮಾತು-ನಡೆಗಳ ದಾಖಲೆ) ಆಧಾರವಿಲ್ಲ ಎಂಬುದು ಅವರ ವಾದ. ಪ್ರವಾದಿ ಬಂದದ್ದು ದೇವರ ಸಂದೇಶ ಮುಟ್ಟಿಸಲು, ರಾಜ್ಯ ಕಟ್ಟಲು ಅಲ್ಲ. ಎಂಥ ಸರ್ಕಾರ ಬೇಕು ಅನ್ನುವುದನ್ನು ಜನ ತಮ್ಮ ಬುದ್ಧಿಯಿಂದ, ಬೇರೆ ದೇಶಗಳ ಅನುಭವ ನೋಡಿ ತೀರ್ಮಾನಿಸಬಹುದು. ದೊರೆಗೆ ಜಾಸ್ತಿ ಚುಚ್ಚಿರಬಹುದಾದ ಮಾತು ಇನ್ನೊಂದು: ಇತಿಹಾಸದಲ್ಲಿ ಖಲೀಫರ ಪಟ್ಟ ನಿಂತದ್ದು ಕತ್ತಿಯ ಬಲದ ಮೇಲೆ.

ಇವರು ಧರ್ಮದ ಹೊರಗೆ ನಿಂತು ಮಾತಾಡಿದವರಲ್ಲ. ಅಲ್-ಅಜ್ಹರ್‌ನ ಪಾಠದಿಂದಲೇ ವಾದ ಕಟ್ಟಿದವರು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಏಕೆಂದರೆ ಇಂಥ ಪ್ರಶ್ನೆಗಳೆಲ್ಲ ಪಶ್ಚಿಮದಿಂದ ತಂದದ್ದು ಎಂದು ಸುಮ್ನೆ ತಳ್ಳಿಹಾಕುವವರು ಇಂದಿಗೂ ಇದ್ದಾರೆ.

1925ರ ಆಗಸ್ಟ್‌ನಲ್ಲಿ ಅಲ್-ಅಜ್ಹರ್‌ನ ಹಿರಿಯ ಉಲೇಮಾ (ಧರ್ಮಪಂಡಿತರ) ಮಂಡಳಿ ರಾಜಿಕ್ ಅವರ ಪಂಡಿತ ಪದವಿ ಕಿತ್ತುಕೊಂಡಿತು. ಖಾಜಿಯ ಕೆಲಸವೂ ಹೋಯಿತು. ಇಲ್ಲಿ ಒಂದು ವಿಷಯ ಗಮನಿಸಿ. ಆ ಶಿಕ್ಷೆಗೆ ಆಧಾರವಾಗಿದ್ದು 1911ರ ಒಂದು ಕಾನೂನು, ಅಂದರೆ ಆಧುನಿಕ ಸರ್ಕಾರವೇ ಮಾಡಿದ್ದು. ಇನ್ನೊಂದು ಕಡೆ 1923ರ ಸಂವಿಧಾನ ಅಭಿಪ್ರಾಯ ಸ್ವಾತಂತ್ರ್ಯ ಕೊಟ್ಟಿತ್ತು. ನ್ಯಾಯ ಮಂತ್ರಿ ಅಬ್ದುಲ್ ಅಜೀಜ್ ಫಹ್ಮಿ ಆ ತೀರ್ಪನ್ನು ಜಾರಿ ಮಾಡಲು ಹಿಂದೆಮುಂದೆ ನೋಡಿದರು. ಅವರನ್ನೇ ವಜಾ ಮಾಡಿದರು, ಸಮ್ಮಿಶ್ರ ಸರ್ಕಾರ ಒಡೆಯಿತು. ಫುವಾದ್‌ಗೂ ಪಟ್ಟ ಸಿಗಲಿಲ್ಲ. 1926ರ ಮೇ ತಿಂಗಳಲ್ಲಿ ಕೈರೋದಲ್ಲಿ ನಡೆದ ಖಿಲಾಫತ್ ಸಮ್ಮೇಳನ ಯಾರನ್ನೂ ಆರಿಸದೆ ಮುಗಿಯಿತು.

ಪ್ರಶ್ನೆ ಮಾತ್ರ ಮುಗಿಯಲಿಲ್ಲ. 1928ರಲ್ಲಿ ಈಜಿಪ್ಟಿನವರೇ ಆದ ಹಸನ್ ಅಲ್-ಬನ್ನಾ ಮುಸ್ಲಿಂ ಬ್ರದರ್‌ಹುಡ್ ಎಂಬ ಸಂಘಟನೆ ಕಟ್ಟಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಅವರಿಗೆ ಧರ್ಮ, ರಾಜ್ಯ ಎರಡೂ ಒಂದೇ.

ಸುಡಾನಿನಲ್ಲಿ ಈ ಜಗಳ ಪ್ರಾಣವನ್ನೇ ತೆಗೆಯಿತು. 1983ರಲ್ಲಿ ಅಧ್ಯಕ್ಷ ನಿಮೇರಿ ಶರೀಅತ್ ಹೆಸರಿನಲ್ಲಿ ಹೊಸ ಕಾನೂನುಗಳನ್ನು ಹೇರಿದರು. ಅಲ್ಲಿನ ಧಾರ್ಮಿಕ ಚಿಂತಕ ಮಹಮೂದ್ ಮೊಹಮ್ಮದ್ ತಾಹಾ ಅದನ್ನು ವಿರೋಧಿಸಿದರು. ಎಪ್ಪತ್ತು ದಾಟಿದ್ದ ಆ ಹಿರಿಯರನ್ನು 1985ರ ಜನವರಿ 18ರಂದು ಖಾರ್ಟೂಮ್‌ನಲ್ಲಿ ಗಲ್ಲಿಗೇರಿಸಿದರು. ಅವರ ಶಿಷ್ಯ ಅಬ್ದುಲ್ಲಾಹಿ ಅನ್-ನಯೀಮ್ ಮುಂದೆ ಬರೆದದ್ದರ ತಿರುಳು ಇದು: ಮನಸಾರೆ ಮುಸ್ಲಿಮನಾಗಿ ಬಾಳಬೇಕಾದರೆ ನನಗೆ ಜಾತ್ಯತೀತ ರಾಜ್ಯ ಬೇಕು, ಸರ್ಕಾರ ಬಲವಂತದಿಂದ ಮಾಡಿಸಿದ್ದು ಭಕ್ತಿಯಾಗುವುದಿಲ್ಲ. ಗುರುವನ್ನು ಕಳೆದುಕೊಂಡ ವರ್ಷವೇ ದೇಶ ಬಿಟ್ಟಿದ್ದ ಅವರು, ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಇದನ್ನು ಬರೆದರು.