ಕಳ್ಳನ ಬೆನ್ನಿಗೆ ಕೋವಿ ಹಿಡಿಯುವ ಮುನ್ನ

ಹೊಸ ಹಿಂದಿ ಪೊಲೀಸ್ ಸಿನಿಮಾ ಬಂದಿದೆ ಎಂದು ನನಗೆ ಯಾರೂ ಹೇಳಬೇಕಿಲ್ಲ. ಕೊಡಗಿನಲ್ಲಿರುವ ನನ್ನ ವಕೀಲಿ ಕಚೇರಿಗೆ ಬರುವವರ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಪೌತಿ ಖಾತೆಗೋ ಪಾಲಿನ ವ್ಯಾಜ್ಯಕ್ಕೋ ಬಂದವರು ಕಾಗದ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಲ್ಲುತ್ತಾರೆ. "ಸಾರ್, ಸುಮ್ನೆ ಒಂದು ಡೌಟು. ರಾತ್ರಿ ಕಣಕ್ಕೆ ಕಳ್ಳ ಬರ್ತಾನೆ. ತೋಟ ನಮ್ದು, ಕೋವಿ ನಮ್ದು. ಹೊಡೆದ್ರೆ ಕೇಸ್ ನಿಲ್ಲಲ್ಲ ಅಲ್ವಾ?"

ನಿಲ್ಲುತ್ತದೆ. ಚೆನ್ನಾಗಿಯೇ ನಿಲ್ಲುತ್ತದೆ.

ಕಾಫಿ ಕೊಯ್ಲು ಶುರುವಾದರೆ ಈ ಪ್ರಶ್ನೆ ಜಾಸ್ತಿ. ರೋಬಸ್ಟಾಗೆ ಒಳ್ಳೆ ರೇಟು ಬಂದ ಮೇಲಂತೂ ಇನ್ನೂ ಜಾಸ್ತಿ. ಬೆಳೆಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷವಿಡೀ ಮಳೆ, ಆನೆ, ಬೋರರ್ ಹುಳು ಎಲ್ಲದರ ಜೊತೆ ಗುದ್ದಾಡಿ ಒಣಗಿಸಿದ ಕಾಫಿಯನ್ನು ಯಾರೋ ಒಂದೇ ರಾತ್ರಿ ಪಿಕಪ್‌ಗೆ ತುಂಬಿಕೊಂಡು ಹೋದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಸಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಸಿನಿಮಾ ನೋಡಿ ಕಾನೂನು ಕಲಿತು ಬರುತ್ತಾರಲ್ಲ, ಅದನ್ನು ಸಹಿಸಲಾಗುವುದಿಲ್ಲ.

ವಿರಾಜಪೇಟೆ ಕಡೆಯ ಒಬ್ಬ ಬೆಳೆಗಾರರು ನನ್ನ ಎದುರು ಕೂತು, ಮೊಬೈಲ್ ತೆಗೆದು, ಇಂಥ ಒಂದು ಸಿನಿಮಾದ ಕೊನೆಯ ದೃಶ್ಯವನ್ನೇ ತೋರಿಸಿದರು. ಈ ಸಿನಿಮಾಗಳ ಕೊನೆ ಹೆಚ್ಚೂಕಡಿಮೆ ಒಂದೇ. ಗ್ಯಾಂಗ್‌ಸ್ಟರ್‌ನ ಪಿಸ್ತೂಲು ಖಾಲಿ. ಅವನು ಮಂಡಿಯೂರಿದ್ದಾನೆ. "ನನ್ನನ್ನ ಅರೆಸ್ಟ್ ಮಾಡು, ನಾಳೆ ಕೋರ್ಟೇ ಬಿಡುತ್ತೆ" ಎಂದು ನಗುತ್ತಾನೆ. ಪೊಲೀಸ್ ಅಧಿಕಾರಿ ಒಂದು ಕ್ಷಣ ಯೋಚಿಸಿ ಗುಂಡು ಹಾರಿಸುತ್ತಾನೆ. ಹಿನ್ನೆಲೆಯಲ್ಲಿ ಶಂಖ, ಡ್ರಮ್ಮು. "ನೋಡಿ ಸಾರ್, ಇದು ಆತ್ಮರಕ್ಷಣೆ ಅಲ್ವಾ?" ಎಂದರು ನಮ್ಮ ಬೆಳೆಗಾರರು.

"ಅವನ ಕೈಯಲ್ಲಿ ಏನಿದೆ ಈಗ?" ಎಂದು ಕೇಳಿದೆ.

"ಏನೂ ಇಲ್ಲ. ಆದ್ರೆ ಎಷ್ಟು ಜನಾನ ಕೊಂದಿದ್ದಾನೆ ಗೊತ್ತಾ ಸಾರ್ ಅವನು?"

ಇಡೀ ತಪ್ಪು ತಿಳಿವಳಿಕೆ ಈ ಒಂದು ಮಾತಿನಲ್ಲಿದೆ. ಎದುರಿಗಿರುವವನು ಎಂಥವನು ಎಂದು ಸಿನಿಮಾ ಕೇಳುತ್ತದೆ. ಕೆಟ್ಟವನಾದರೆ ಹೊಡೆದದ್ದು ಸರಿ. ಕಾನೂನು ಕೇಳುವುದೇ ಬೇರೆ. ಕೋವಿಯ ಕುದುರೆ ಎಳೆದ ಆ ಕ್ಷಣದಲ್ಲಿ ಅವನಿಂದ ಯಾವ ಅಪಾಯ ಇತ್ತು? ನಿನ್ನೆ ಅವನು ಏನು ಮಾಡಿದ್ದ ಎಂಬುದಲ್ಲ. ನಾಳೆ ಏನು ಮಾಡಬಹುದಿತ್ತು ಎಂಬುದೂ ಅಲ್ಲ. ಆ ಕ್ಷಣ.

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲಿದ್ದ ಭಾರತೀಯ ದಂಡ ಸಂಹಿತೆ, ಅಂದರೆ ಹಳೆಯ ಐಪಿಸಿಯಲ್ಲಿ 96ರಿಂದ 106ರವರೆಗೆ ಇದ್ದ ಆತ್ಮರಕ್ಷಣೆಯ ಸೆಕ್ಷನ್‌ಗಳು ಇದರಲ್ಲಿ 34ರಿಂದ 44. ನಂಬರ್ ಬದಲಾಗಿದೆ, ಒಳಗಿನ ವಿಷಯ ಹೆಚ್ಚೂಕಡಿಮೆ ಅದೇ. ದೇಹದ ರಕ್ಷಣೆಯ ಹಕ್ಕು ಅಪಾಯದ ಭಯ ಹುಟ್ಟಿದಾಗ ಶುರುವಾಗುತ್ತದೆ, ಆ ಭಯ ಇರುವವರೆಗೆ ಇರುತ್ತದೆ. ಅವನು ಕತ್ತಿ ಬಿಸಾಡಿ ಓಡಿದ ಎಂದರೆ ನಿಮ್ಮ ಹಕ್ಕೂ ಮುಗಿಯಿತು. ಆಮೇಲೆ ಹಾರಿಸಿದ ಗುಂಡು ಬೇರೆ ಲೆಕ್ಕಕ್ಕೆ ಹೋಗುತ್ತದೆ.

ಆಸ್ತಿಯ ವಿಷಯಕ್ಕೆ ಬರೋಣ. ಎಲ್ಲರೂ ಎಡವುವುದು ಇಲ್ಲೇ. ಆಸ್ತಿ ಉಳಿಸಿಕೊಳ್ಳಲು ಪ್ರಾಣ ತೆಗೆಯುವವರೆಗೂ ಹೋಗಬಹುದಾದ ಸಂದರ್ಭಗಳನ್ನು 41ನೇ ಸೆಕ್ಷನ್ ಹೇಳುತ್ತದೆ. ದರೋಡೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಒಡೆದು ನುಗ್ಗುವುದು. ಮನೆಗೋ ಉಗ್ರಾಣಕ್ಕೋ ಬೆಂಕಿ ಹಚ್ಚುವುದು. ಇನ್ನು ಕಳ್ಳತನ, ಹಾನಿ ಅಥವಾ ಮನೆಯೊಳಗೆ ಅತಿಕ್ರಮ ಪ್ರವೇಶ: ಇವುಗಳಲ್ಲಿ ಸುಮ್ಮನಿದ್ದರೆ ನಿಮಗೆ ಸಾವು ಅಥವಾ ತೀವ್ರ ಗಾಯ ಆಗುತ್ತದೆ ಎಂದು ನಂಬಲು ಕಾರಣ ಇದ್ದರೆ ಮಾತ್ರ. ಬರೀ ಕಳ್ಳತನ ಈ ಪಟ್ಟಿಯಲ್ಲಿ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಮೂರು ಸಲ ಹೇಳಿದರೂ ಬಾಗಿಲ ಹತ್ತಿರ ತಿರುಗಿ ನಿಂತು ಮತ್ತೆ ಕೇಳುತ್ತೀರಿ: ಬರೀ ಕಳ್ಳತನ ಈ ಪಟ್ಟಿಯಲ್ಲಿ ಇಲ್ಲ.

ಕಣದಲ್ಲಿ ಹರಡಿದ ಕಾಫಿಯನ್ನು ಗೋಣಿಗೆ ತುಂಬುತ್ತಿರುವವನು ಕಳ್ಳ, ಅಷ್ಟೇ. ಬಳ್ಳಿಯಿಂದ ಕರಿಮೆಣಸು ಕಿತ್ತವನೂ ಅಷ್ಟೇ. ಕಣಕ್ಕೆ ಗೋಡೆಯಿಲ್ಲ, ಸೂರಿಲ್ಲ. ಅದು ಕಟ್ಟಡವಲ್ಲ. ಅದೇ ಕಾಫಿ ಗೋದಾಮಿನಲ್ಲಿದ್ದು, ರಾತ್ರಿ ಬೀಗ ಒಡೆದು ಒಳಗೆ ನುಗ್ಗಿದರೆ ವಿಷಯ ಬೇರೆಯಾಗಬಹುದು. ಸಾಮಾನು ಇಡುವ ಕಟ್ಟಡವನ್ನೂ ಕಾನೂನು ಈ ಮಟ್ಟಿಗೆ ಮನೆಯ ಸಾಲಿಗೆ ಸೇರಿಸುತ್ತದೆ. "ಆಗಬಹುದು" ಎಂದೇ ಹೇಳುತ್ತಿದ್ದೇನೆ, ದಯವಿಟ್ಟು ಗಮನಿಸಿ. ಯಾಕೆಂದರೆ ಇಡೀ ಹಕ್ಕಿನ ಮೇಲೆ 37ನೇ ಸೆಕ್ಷನ್ ಕೂತಿದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಹಕ್ಕೇ ಇಲ್ಲ.

"ಠಾಣೆ ಎಲ್ಲೋ ಇದೆ, ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಮಳೆ ಬೇರೆ" ಎಂದು ನೀವು ಹೇಳಬಹುದು. ಒಳ್ಳೆಯ ವಾದ. ನಾನೂ ಅದನ್ನೇ ಕೋರ್ಟಿನ ಮುಂದೆ ಇಡುತ್ತೇನೆ. ಆದರೆ ಮೂರು ರಾತ್ರಿಯಿಂದ ಕಾಯುತ್ತಾ, ಅಟ್ಟಣೆ ಕಟ್ಟಿಕೊಂಡು, ಟಾರ್ಚು ಕೋವಿ ಜೋಡಿಸಿಟ್ಟುಕೊಂಡು ಕೂತವರಿಗೆ ಆ ವಾದ ಸಿಗುವುದಿಲ್ಲ. ಮೂರು ದಿನದಲ್ಲಿ ಠಾಣೆಗೆ ನಡೆದುಕೊಂಡೇ ಹೋಗಬಹುದಿತ್ತಲ್ಲ ಎಂದು ಸರ್ಕಾರಿ ಅಭಿಯೋಜಕರು ಕೇಳಿಯೇ ಕೇಳುತ್ತಾರೆ.

ಇಷ್ಟು ಕೇಳಿದ ಮೇಲೆ ಬರುವ ಮುಂದಿನ ಪ್ರಶ್ನೆ: "ಸರಿ, ಕಾಲಿಗೆ ಹೊಡೆದ್ರೆ?"

ಅದೂ ಸಿನಿಮಾದ್ದೇ. ಓಡುವ ಕಾರಿನಿಂದ, ಕತ್ತಲಲ್ಲಿ, ಓಡುವವನ ಮೊಣಕಾಲಿಗೆ ಒಂದೇ ಗುಂಡು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಹನ್ನೆರಡು ಬೋರಿನ ಜೋಡು ನಳಿಗೆ ಕೋವಿ. ಅದರಿಂದ ಹೊರಡುವುದು ಒಂದು ಗುಂಡಲ್ಲ, ಚರೆಗಳ ಗೊಂಚಲು. ದೂರ ಹೋದಷ್ಟೂ ಹರಡುತ್ತದೆ. ಕಾಲಿಗೆ ಗುರಿ ಇಟ್ಟದ್ದು ಸೊಂಟಕ್ಕೂ ಬೀಳಬಹುದು, ಬೆನ್ನಿಗೂ ಬೀಳಬಹುದು. ಕಾಲಿಗೇ ಬಿದ್ದರೂ ತೊಡೆಯ ದೊಡ್ಡ ರಕ್ತನಾಳ ಹರಿದರೆ ಮಡಿಕೇರಿ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಬಹುದು. ಬದುಕಿದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ, ಕೆಲವೊಮ್ಮೆ ಕೊಲೆ ಯತ್ನ. ಸತ್ತರೆ ಕೊಲೆ ಅಂತಲೇ ಎಫ್‌ಐಆರ್ ಶುರುವಾಗುತ್ತದೆ. ಒಳ್ಳೆಯ ನಂಬಿಕೆಯಿಂದ ಆತ್ಮರಕ್ಷಣೆಯ ಮಿತಿ ಮೀರಿದಿರಿ ಎಂದು ತೋರಿಸಲಾದರೆ ಕೊಲೆಯಲ್ಲದ ನರಹತ್ಯೆಗೆ ಇಳಿಯಬಹುದು. ಅದಕ್ಕೂ ಜೈಲು ಇದೆ. ಆತ್ಮರಕ್ಷಣೆ ಎಂದು ತೋರಿಸುವ ಹೊಣೆಯೂ ನಿಮ್ಮ ಮೇಲೇ. ಪೊಲೀಸರಷ್ಟು ಗಟ್ಟಿಯಾಗಿ ಸಾಬೀತು ಮಾಡಬೇಕಿಲ್ಲ, ಹಾಗೆ ಇದ್ದಿರಬಹುದು ಎಂದು ಕೋರ್ಟಿಗೆ ಅನಿಸಿದರೆ ಸಾಕು. ಆದರೆ ಚರೆ ಬೆನ್ನಿನಿಂದ ಒಳಗೆ ಹೋಗಿದೆ ಎಂದು ಮರಣೋತ್ತರ ಪರೀಕ್ಷೆಯ ವರದಿ ಹೇಳಿದರೆ, ಚರೆ ಹರಡಿದ ಅಳತೆ ನೋಡಿ ದೂರದಿಂದ ಹೊಡೆದದ್ದು ಎಂದು ವಿಧಿವಿಜ್ಞಾನದವರು ಹೇಳಿದರೆ, "ಮೈಮೇಲೆ ಬಿದ್ದ ಸಾರ್" ಎಂಬ ನಿಮ್ಮ ಕಥೆಯನ್ನು ನಾನು ಎಷ್ಟು ಚೆಂದ ಹೇಳಿದರೂ ಕಷ್ಟ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಗೊಂದಲ ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಸಂತೋಷ. ಆದರೆ ವಿನಾಯಿತಿ ಇರುವುದು ಲೈಸೆನ್ಸ್‌ಗೆ. ಕೋವಿ ಇಟ್ಟುಕೊಳ್ಳಲು. ಮನುಷ್ಯನ ಮೇಲೆ ಹಾರಿಸಲು ಯಾವ ಅಜ್ಜನ ಕಾಲದಲ್ಲೂ ಯಾರೂ ವಿನಾಯಿತಿ ಕೊಟ್ಟಿಲ್ಲ. ಎರಡೂ ಕಾಯ್ದೆಗಳಲ್ಲಿ 41 ಎಂಬ ನಂಬರೇ ಬಂದುಬಿಟ್ಟಿದೆ, ಅದು ನನ್ನ ತಲೆನೋವು. ಕೆಲವರು ಎರಡನ್ನೂ ಸೇರಿಸಿ ನನಗೇ ಪಾಠ ಹೇಳುತ್ತಾರೆ.

ಘಟನೆ ನಡೆದರೆ ಮೊದಲು ಹೋಗುವುದೇ ಕೋವಿ. ಪೊಲೀಸರು ವಶಕ್ಕೆ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವಾಪಸ್ ಬರುವುದು ಯಾವಾಗಲೋ. ಜಾಮೀನಿನ ಬಗ್ಗೆ ಕೇಳದವರೂ ಇದನ್ನು ಕೇಳುತ್ತಾರೆ: "ಕೈಲ್ ಪೊಳ್ದ್‌ಗೆ ಕೋವಿ ಸಿಗುತ್ತಾ ಸಾರ್?" ಕೈಲ್ ಪೊಳ್ದ್ ಎಂದರೆ ನಮ್ಮ ಆಯುಧ ಪೂಜೆಯ ಹಬ್ಬ. ಕೋವಿಗೆ ತೋಕ್ ಪೂ ಎಂಬ ಹೂವು ಕಟ್ಟಿ ಪೂಜೆ ಮಾಡುವ ಜಾಗದಲ್ಲಿ ಅಜ್ಜನ ಕೋವಿ ಇಲ್ಲದಿದ್ದರೆ ಮನೆಯವರಿಗೆ ಎಷ್ಟು ನೋವು ಎಂದು ನನಗೂ ಗೊತ್ತು. ಅದಕ್ಕೆ ನಾನು ಸುಮ್ಮನೆ "ಅರ್ಜಿ ಹಾಕೋಣ" ಎನ್ನುತ್ತೇನೆ.

ಹಾಗಾದರೆ ಪೊಲೀಸರು ಹೊಡೆಯಬಹುದಾ? ಸಿನಿಮಾದವರ ವಾದವೇ ಅದು. ಈ ಕಥೆಗಳು ಗಾಳಿಯಲ್ಲಿ ಹುಟ್ಟಿದ್ದಲ್ಲ, ನಿಜ. 1982ರಲ್ಲಿ ಬಾಂಬೆಯ ವಡಾಲಾದಲ್ಲಿ ಗ್ಯಾಂಗ್‌ಸ್ಟರ್ ಮನ್ಯಾ ಸುರ್ವೆ ಪೊಲೀಸರ ಗುಂಡಿಗೆ ಬಲಿಯಾದ. 1991ರ ನವೆಂಬರ್‌ನಲ್ಲಿ ಅಲ್ಲಿಯದೇ ಲೋಖಂಡ್‌ವಾಲಾದ ಅಪಾರ್ಟ್‌ಮೆಂಟಿನಲ್ಲಿ ಹಾಡಹಗಲೇ ಗುಂಡಿನ ಕಾಳಗ ನಡೆಯಿತು. ಹಿಂದಿ ಸಿನಿಮಾದವರು ಇವತ್ತಿಗೂ ಅಲ್ಲಿಂದಲೇ ನೀರು ಸೇದುತ್ತಿದ್ದಾರೆ. ಅದೇ ಊರಿನಲ್ಲಿ 2006ರಲ್ಲಿ ವರ್ಸೋವಾದಲ್ಲಿ ಇನ್ನೊಂದು ಎನ್‌ಕೌಂಟರ್ ಆಯಿತು. ಅದು ನಕಲಿ ಎಂದು 2013ರಲ್ಲಿ ಸೆಷನ್ಸ್ ಕೋರ್ಟ್ ತೀರ್ಪು ಕೊಟ್ಟಿತು. ಜೀವಾವಧಿ ಶಿಕ್ಷೆ ಆದವರಲ್ಲಿ ಪೊಲೀಸರೇ ಹಲವರು. 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್, ಕೆಳಗಿನ ಕೋರ್ಟ್ ಬಿಟ್ಟಿದ್ದ ಹೆಸರಾಂತ 'ಎನ್‌ಕೌಂಟರ್ ಸ್ಪೆಷಲಿಸ್ಟ್'ಗೂ ಜೀವಾವಧಿ ವಿಧಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದೆ, ಅದರ ಮೇಲೆ ನಾನು ಹೆಚ್ಚು ಹೇಳುವುದು ಸರಿಯಲ್ಲ.

ಆರೋಪಿ ಭಯಂಕರ ಅಪರಾಧಿ ಎಂಬ ಒಂದೇ ಕಾರಣಕ್ಕೆ ಅವನನ್ನು ಕೊಲ್ಲುವುದು ಪೊಲೀಸರ ಕರ್ತವ್ಯವಲ್ಲ ಎಂದು 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ್ದ ಪ್ರಕರಣದ 2014ರ ತೀರ್ಪಿನಲ್ಲಿ 16 ನಿಯಮಗಳನ್ನೇ ಹಾಕಿತು. ಎನ್‌ಕೌಂಟರ್‌ನಲ್ಲಿ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು. ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದ್ದು. ಅಧಿಕಾರಿ ತನ್ನ ಆಯುಧ ಪರೀಕ್ಷೆಗೆ ಒಪ್ಪಿಸಬೇಕು. ಇಬ್ಬರು ವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು, ಅದರ ವಿಡಿಯೋ ಆಗಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಘಟನೆಯಾದ ಕೂಡಲೇ ಬಡ್ತಿ ಇಲ್ಲ, ಪದಕವೂ ಇಲ್ಲ. ನಮ್ಮ ಬೆಳೆಗಾರರು ತೋರಿಸಿದ ದೃಶ್ಯದಲ್ಲಿ ಹೀರೋ ಮರುದಿನವೇ ಪದಕ ಹಾಕಿಸಿಕೊಂಡು ನಿಂತಿದ್ದ. ಸಮವಸ್ತ್ರ ಇರುವವನಿಗೇ ಇಷ್ಟು ಲೆಕ್ಕ ಕೇಳುವಾಗ, ಬರ್ಮುಡಾ ಚಡ್ಡಿಯಲ್ಲಿ ಟಾರ್ಚು ಹಿಡಿದು ನಿಂತ ನಿಮ್ಮನ್ನು ಕೇಳುವುದಿಲ್ಲವೇ?

ಇದನ್ನು ಓದಿ ಯಾರೂ ಹೆದರಿಕೊಳ್ಳಬೇಕಿಲ್ಲ. ಮುಖ್ಯವಾಗಿ ಒಂಟಿ ಮನೆಗಳಲ್ಲಿ ಇರುವ ಹಿರಿಯರು. ಮಕ್ಕಳು ಬೆಂಗಳೂರಿನಲ್ಲಿ, ಹತ್ತಿರದ ಮನೆ ಕೂಗಿದರೂ ಕೇಳದಷ್ಟು ದೂರ, ಇಂಥ ಒಬ್ಬ ಅಜ್ಜಿ ನನಗೆ ಆಗಾಗ ಫೋನ್ ಮಾಡುತ್ತಾರೆ. "ಮಗಾ, ಬಾಗಿಲು ಒಡೆದು ಕತ್ತಿ ಹಿಡ್ಕೊಂಡು ಒಳಗೆ ಬಂದ್ರೂ ನಾನು ಸುಮ್ನೆ ಕೂರ್ಬೇಕಾ?" ಬೇಡ ಅಜ್ಜಿ. ಅಲ್ಲಿ ಕಾನೂನು ಪೂರ್ತಿ ನಿಮ್ಮ ಕಡೆ. ಓಡಿಹೋಗಬೇಕಿತ್ತು ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಜೀವಭಯದಲ್ಲಿರುವವರು ತಮ್ಮ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಕೊಡಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಒಪ್ಪಿದೆ. ವಿಚಿತ್ರ ಎಂದರೆ, ಈ ಹಕ್ಕು ನಿಜವಾಗಿ ಇರುವವರು ಅನುಮಾನದಲ್ಲಿರುತ್ತಾರೆ. ಇಲ್ಲದವರು ಅಟ್ಟಣೆ ಕಟ್ಟುತ್ತಾರೆ.

ಕಣಕ್ಕೆ ಬಂದ ಕಳ್ಳನನ್ನು ಏನು ಮಾಡಬೇಕು? ಕೂಗಿ, ಲೈಟು ಹಾಕಿ, ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರನ್ನು ಎಬ್ಬಿಸಿ. ಮಾಲು ಸಮೇತ ಓಡುತ್ತಿದ್ದರೆ ತಡೆಯುವ, ಹಿಡಿಯುವ ಹಕ್ಕು ನಿಮಗಿದೆ. ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು, ಪ್ರಾಣ ತೆಗೆಯುವಷ್ಟಲ್ಲ. ನಿಮ್ಮ ಕಣ್ಣೆದುರೇ ಕದ್ದವನನ್ನು ನೀವೇ ಬಂಧಿಸಬಹುದು, ಆದರೆ ಇನ್ನೊಂದು ಹೊಸ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಬೆಳಗಾಗುವವರೆಗೆ ಸರದಿಯಲ್ಲಿ ಹೊಡೆಯುವುದು ಬಂಧನವಲ್ಲ, ಅದು ನನಗೆ ಇನ್ನೊಂದು ಕೇಸು. ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಮಾಡಿದರೆ ಸಮಯ ದಾಖಲಾಗುತ್ತದೆ. ಮುಂದೆ ಆ ದಾಖಲೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಅವತ್ತು ರಾತ್ರಿ ನಿಮಗೆ ಅನಿಸುವುದಿಲ್ಲ.

ಕೊನೆಗೆ ವಾಟ್ಸಾಪ್ ಸ್ಟೇಟಸ್. ಕೋವಿ ಹಿಡಿದ ಫೋಟೋ, ಕೆಳಗೆ ಸಿನಿಮಾದ ಡೈಲಾಗು, "ನನ್ನ ತೋಟಕ್ಕೆ ಕಾಲಿಟ್ಟವನು ಮನೆಗೆ ಹೋಗಲ್ಲ" ಅಂತ. ಹುಡುಗರು ಮಾತ್ರ ಅಲ್ಲ, ಮೊಮ್ಮಕ್ಕಳಿರುವವರೂ ಹಾಕುತ್ತಾರೆ. ನಾಳೆ ಏನಾದರೂ ಆದರೆ ಅಭಿಯೋಜಕರಿಗೆ ನಿಮ್ಮ ಉದ್ದೇಶ ತೋರಿಸಲು ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಆಗ ಓಡಿ ಬಂದು "ಸಾರ್, ಡಿಲೀಟ್ ಮಾಡ್ಲಾ?" ಎಂದರೆ ನಾನು ಹೂಂ ಎನ್ನುವ ಹಾಗಿಲ್ಲ. ಘಟನೆಯಾದ ಮೇಲೆ ಅಳಿಸಿದರೆ ಅದು ಸಾಕ್ಷ್ಯ ನಾಶ, ನ್ಯಾಯ ಸಂಹಿತೆಯ 238ನೇ ಸೆಕ್ಷನ್. ಈಗ, ಏನೂ ಆಗದಿರುವಾಗ, ತೆಗೆಯಿರಿ ಎಂದು ಧಾರಾಳವಾಗಿ ಹೇಳಬಹುದು. ಹೇಳುತ್ತಿದ್ದೇನೆ.