ವಿಕ್ಟೋರಿಯಾ ಕ್ರಾಸ್ ಒಬ್ಬರಿಗೇ ಎರಡು ಸಲ ಸಿಗತ್ತಾ?

ಪ್ರಶ್ನೆ: ಬ್ರಿಟಿಷ್ ಸೇನೆಯ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಒಬ್ಬರಿಗೇ ಎರಡು ಸಲ ಬಂದಿದ್ದುಂಟಾ? ಬಂದ್ರೆ ಎರಡು ಪದಕ ಹಾಕ್ಕೋತಾರಾ?

ಉತ್ತರ: ಉಂಟು. ಆದ್ರೆ 1856ರಲ್ಲಿ ಈ ಪದಕ ಶುರುವಾದಾಗಿಂದ ಇಲ್ಲಿವರೆಗೆ ಮೂರೇ ಜನಕ್ಕೆ. ಎರಡನೇ ಸಲಕ್ಕೆ ಇನ್ನೊಂದು ಪದಕ ಕೊಡಲ್ಲ, ಮೊದಲನೇದರ ರಿಬ್ಬನ್ ಮೇಲೆ ಒಂದು ಪಟ್ಟಿ ಸೇರಿಸ್ತಾರೆ, ಅದಕ್ಕೆ ಬಾರ್ ಅಂತಾರೆ. ಈ ಮೂವರಲ್ಲಿ ಇಬ್ರು ಡಾಕ್ಟ್ರು, ಅಂದ್ರೆ ಯಾರನ್ನೂ ಹೊಡೆದು ಪಡೆದಿದ್ದಲ್ಲ, ಉಳಿಸೋಕೆ ಹೋಗಿ ಪಡೆದಿದ್ದು.

ಅದರಲ್ಲಿ ಕ್ಯಾಪ್ಟನ್ ನೋಯೆಲ್ ಚವಾಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದವ್ರು, ಅವಳಿ ಮಕ್ಕಳಲ್ಲಿ ಒಬ್ರು, ಅಪ್ಪ ಮುಂದೆ ಲಿವರ್‌ಪೂಲ್‌ನ ಬಿಷಪ್ ಆದ್ರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಣ್ತಮ್ಮ ಇಬ್ರೂ 400 ಮೀಟರ್ ಓಡಿದ್ರು. 1913ರಲ್ಲಿ ಸೇನೆಯ ವೈದ್ಯಕೀಯ ದಳ ಸೇರಿ ಲಿವರ್‌ಪೂಲ್ ಸ್ಕಾಟಿಷ್ ಬೆಟಾಲಿಯನ್‌ನ ಡಾಕ್ಟರ್ ಆದ್ರು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ ಬೆಲ್ಜಿಯಂನ ಹೂಗ್ ಕಾಳಗದ ಸೇವೆಗೆ ಮಿಲಿಟರಿ ಕ್ರಾಸ್ ಅನ್ನೋ ಇನ್ನೊಂದು ಶೌರ್ಯ ಪದಕ ಬಂತು.

ಮೊದಲ ವಿಕ್ಟೋರಿಯಾ ಕ್ರಾಸ್ ಬಂದಿದ್ದು ಹೀಗೆ: 1916ರ ಆಗಸ್ಟ್, ಫ್ರಾನ್ಸ್‌ನಲ್ಲಿ ಸೋಮ್ ಯುದ್ಧ, ಗಿಲ್ಮೋ ಅನ್ನೋ ಹಳ್ಳಿ. ಹಗಲೆಲ್ಲಾ ಶತ್ರುಗಳ ಕಣ್ಣೆದುರಿಗೇ ಬಯಲಲ್ಲಿ ಗಾಯಾಳುಗಳನ್ನ ನೋಡ್ಕೊಂಡು, ರಾತ್ರಿ ಮತ್ತೆ ನಾಲ್ಕು ಗಂಟೆ ಶತ್ರು ಸಾಲಿನ ಮುಂದೆ ಹುಡುಕಾಡಿದ್ರು, ಮಾರನೇ ದಿನ ಒಬ್ಬ ಗಾಯಾಳುವನ್ನ ಗುಂಡಿನ ಮಳೆಯಲ್ಲೇ 500 ಗಜ ಹೊತ್ತು ತರುವಾಗ ಇವರ ಪಕ್ಕೆಗೇ ಶೆಲ್ ಚೂರು ಬಡೀತು. ಅದೇ ರಾತ್ರಿ 20 ಜನ ಸ್ವಯಂಸೇವಕರನ್ನ ಕರ್ಕೊಂಡು ಶತ್ರುಗಳ ಟ್ರೆಂಚ್‌ನಿಂದ ಬರೀ 25 ಗಜ ದೂರದ ಗುಂಡಿಯಿಂದ ಮೂವರನ್ನ ಎತ್ಕೊಂಡು ಬಂದ್ರು, ಸತ್ತ ಸೈನಿಕರ ಗುರುತಿನ ಬಿಲ್ಲೆಗಳನ್ನೂ ಆರಿಸಿ ತಂದ್ರು. ನನಗೆ ಈ ಕೊನೇದೇ ದೊಡ್ಡದು ಅನ್ಸತ್ತೆ. ಬಿಲ್ಲೆ ಇಲ್ದಿದ್ರೆ ಎಷ್ಟೋ ಮನೆಯವ್ರಿಗೆ ತಮ್ಮ ಹುಡುಗ ಬದುಕಿದಾನಾ ಇಲ್ವಾ ಅನ್ನೋದೇ ಗೊತ್ತಾಗ್ತಿರ್ಲಿಲ್ಲ.

ಎರಡನೇದು 1917ರ ಜುಲೈ 31ರಿಂದ, ಬೆಲ್ಜಿಯಂನಲ್ಲಿ, ಪ್ಯಾಶಂಡೇಲ್ ಕದನ ಶುರುವಾದಾಗ. ಮೊದಲಿಗೇ ಜೋರಾಗಿ ಗಾಯ ಆಗಿದ್ರೂ ಜಾಗ ಬಿಡಲಿಲ್ಲ, ಎರಡು ದಿನ ಊಟ ಇಲ್ಲ, ಆದ್ರೂ ಮತ್ತೆ ಮತ್ತೆ ಹೊರಗೆ ಹೋಗಿ ಗಾಯಾಳುಗಳನ್ನ ತರ್ತಾನೇ ಇದ್ರು. ಆಮೇಲೆ ಶೆಲ್ ಬಿದ್ದು ಹೊಟ್ಟೆಗೆ ಪೆಟ್ಟಾಯ್ತು, ಆಪರೇಷನ್ ಮಾಡಿದ್ರೂ ಆಗಸ್ಟ್ 4ಕ್ಕೆ ಬ್ರಾಂಡ್‌ಹುಕ್‌ನಲ್ಲಿ ತೀರ್ಕೊಂಡ್ರು, 32 ವರ್ಷ. ಬಾರ್ ಸಿಕ್ಕಿದ್ದು ಮರಣಾನಂತರ. ಅಲ್ಲಿನ ಸಮಾಧಿ ಕಲ್ಲಿನ ಮೇಲೆ ಎರಡು ವಿಕ್ಟೋರಿಯಾ ಕ್ರಾಸ್ ಕೆತ್ತಿದಾರೆ.

ಇನ್ನೊಬ್ಬ ಡಾಕ್ಟ್ರು ಆರ್ಥರ್ ಮಾರ್ಟಿನ್-ಲೀಕ್, 1902ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮೊದಲ್ನೇದು, 1914ರಲ್ಲಿ ಎರಡನೇದು. ಇವ್ರು ನಮ್ಮ ದೇಶದ ಬೆಂಗಾಲ್-ನಾಗ್ಪುರ್ ರೈಲ್ವೇನಲ್ಲಿ ಡಾಕ್ಟರ್ ಆಗಿ ಕೆಲಸ ಮಾಡ್ದವ್ರು, ಮತ್ತೆ ಚವಾಸ್‌ರನ್ನ ಕೊನೇ ಸಲ ಆಸ್ಪತ್ರೆಗೆ ಸಾಗಿಸಿದ ಆಂಬುಲೆನ್ಸ್ ಘಟಕದ ಮುಖ್ಯಸ್ಥರೂ ಇವ್ರೇ. ಮೂರನೆಯವ್ರು ನ್ಯೂಜಿಲೆಂಡ್‌ನ ಚಾರ್ಲ್ಸ್ ಅಪ್ಹಮ್, 1941ರಲ್ಲಿ ಕ್ರೀಟ್ ದ್ವೀಪದಲ್ಲಿ, 1942ರಲ್ಲಿ ಈಜಿಪ್ಟ್‌ನಲ್ಲಿ. ಮೂವರಲ್ಲಿ ನೇರ ಕಾದಾಡಿದ ಸೈನಿಕ ಇವ್ರೊಬ್ರೇ, ಇವ್ರಾದ್ಮೇಲೆ ಇನ್ನೂ ಯಾರಿಗೂ ಬಾರ್ ಬಂದಿಲ್ಲ.