ಜ್ಯೂರಿಯ ಕೈಯಲ್ಲಿ ಮೊಬೈಲ್: ಹುಡುಕಿದರೆ ಜೈಲು ಯಾಕೆ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗೂ ಜ್ಯೂರಿ (ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡ) ಸೇವೆಯ ಸಮನ್ಸ್ ಬರಬಹುದು. ಅದಕ್ಕೆ ಅಲ್ಲಿನ ಪೌರತ್ವವೇ ಬೇಕೆಂದಿಲ್ಲ. ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಭಾರತೀಯರೂ ಅಲ್ಲಿ ಮತದಾರರಾಗಬಹುದು. ಪಟ್ಟಿಯಲ್ಲಿ ಹೆಸರಿದ್ದು, ವಯಸ್ಸು 18ರಿಂದ 75ರೊಳಗಿದ್ದು, ಐದು ವರ್ಷ ಅಲ್ಲಿ ವಾಸವಿದ್ದರೆ ಸಾಮಾನ್ಯವಾಗಿ ಅರ್ಹತೆ ಬಂದಂತೆ. ಕೋರ್ಟಿಗೆ ಹೋದರೆ ಮೊದಲೇ ಸಿಗುವ ಎಚ್ಚರಿಕೆ: ಈ ಪ್ರಕರಣದ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಜೈಲು.

ಜ್ಯೂರಿಗೆ ಬೆದರಿಕೆ ಹೊಸದಲ್ಲ. 1670ರಲ್ಲಿ ಲಂಡನ್ನಿನಲ್ಲಿ, ಬೀದಿಯಲ್ಲಿ ಧರ್ಮೋಪದೇಶ ಮಾಡಿದ್ದಕ್ಕೆ ವಿಚಾರಣೆಗೊಳಗಾದ ವಿಲಿಯಂ ಪೆನ್‌ನನ್ನು ತಪ್ಪಿತಸ್ಥನೆನ್ನಲು ಒಪ್ಪದ ಜ್ಯೂರಿಗಳನ್ನು ಅನ್ನ, ನೀರು ಕೊಡದೆ ಕೂಡಿಹಾಕಿ, ಕೊನೆಗೆ ದಂಡ ಹಾಕಿದರು. ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂಬ ನಿಯಮ ಗಟ್ಟಿಯಾಗಿದ್ದು ಆ ಪ್ರಕರಣದಿಂದಲೇ. ಮುಂದೆ ಅಧಿಕಾರದ ಭಯ ಇಳಿದು ಪತ್ರಿಕೆಗಳ ಭಯ ಏರಿತು. ನಮ್ಮಲ್ಲೇ 1959ರಲ್ಲಿ, ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ‘ಬ್ಲಿಟ್ಜ್’ ವಾರಪತ್ರಿಕೆ ಆರೋಪಿಯ ಪರ ಅಬ್ಬರದ ಪ್ರಚಾರ ನಡೆಸಿತ್ತು. ಜ್ಯೂರಿ 8-1ರಿಂದ ನಿರಪರಾಧಿ ಎಂದಿತು, ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವಷ್ಟರಲ್ಲಿ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಬ್ರಿಟನ್ 1981ರ ನ್ಯಾಯಾಂಗ ನಿಂದನೆ ಕಾಯ್ದೆಯಿಂದ ಪತ್ರಿಕೆಗಳಿಗೆ ಕಡಿವಾಣ ಹಾಕಿತು. ಆದರೆ ಹಳೆಯ ಸುದ್ದಿಗಳೆಲ್ಲ ಒಂದು ಕ್ಲಿಕ್ಕಿಗೆ ಸಿಗುವ ಕಾಲಕ್ಕೆ ಆ ಕಡಿವಾಣ ಸಾಲದಾಯಿತು.

2011ರಲ್ಲಿ ಎರಡು ಘಟನೆಗಳು ನಡೆದವು. ಮೊದಲನೆಯದರಲ್ಲಿ, ಮ್ಯಾಂಚೆಸ್ಟರ್‌ನ ಮಾದಕವಸ್ತು ಮೊಕದ್ದಮೆಯ ಜ್ಯೂರಿ ಸದಸ್ಯೆಯೊಬ್ಬರು ಅದೇ ಪ್ರಕರಣದಲ್ಲಿ ಖುಲಾಸೆಯಾಗಿದ್ದ ಮಹಿಳೆಯ ಜೊತೆ ಫೇಸ್‌ಬುಕ್‌ನಲ್ಲಿ ಹರಟಿದರು. ಉಳಿದ ಆರೋಪಿಗಳ ಬಗ್ಗೆ ಚರ್ಚೆ ಇನ್ನೂ ಮುಗಿದಿರಲಿಲ್ಲ. ಆಕೆಗೆ ಎಂಟು ತಿಂಗಳು ಜೈಲಾಯಿತು. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ. ಲೂಟನ್‌ನ ಹಲ್ಲೆ ಪ್ರಕರಣವೊಂದರಲ್ಲಿ ಸದಸ್ಯೆಯೊಬ್ಬರು, ತಾವೇ ಹೇಳಿದಂತೆ, ಆರೋಪದಲ್ಲಿದ್ದ ಕಾನೂನು ಪದವೊಂದರ ಅರ್ಥ ಹುಡುಕಲು ಹೊರಟು, ಅದರ ಪಕ್ಕ ಊರಿನ ಹೆಸರನ್ನೂ ಸೇರಿಸಿದರು. ಆರೋಪಿಯ ಮೇಲೆ ಹಿಂದೆ ಅತ್ಯಾಚಾರದ ಆರೋಪವೂ ಇತ್ತೆಂಬ ಹಳೆಯ ಸುದ್ದಿ ತೆರೆದುಕೊಂಡಿತು. ಅದನ್ನು ಉಳಿದ ಜ್ಯೂರಿಗಳಿಗೂ ಹೇಳಿದರು. ವಿಚಾರಣೆ ರದ್ದಾಯಿತು. ಹಲ್ಲೆಗೊಳಗಾದ ವ್ಯಕ್ತಿ ಮತ್ತೆ ಕಟಕಟೆ ಹತ್ತಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. 2012ರ ಜನವರಿಯಲ್ಲಿ ಆ ಸದಸ್ಯೆಗೆ ಆರು ತಿಂಗಳ ಶಿಕ್ಷೆಯಾಯಿತು. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯವೂ 2016ರಲ್ಲಿ ಆಕೆಯ ಅಹವಾಲನ್ನು ಒಪ್ಪಲಿಲ್ಲ.

ಶಿಕ್ಷೆ ಕಟುವಾಯಿತು ಅನಿಸಬಹುದು. ಆದರೆ ಜ್ಯೂರಿ ಮನೆಯಲ್ಲಿ ಕೂತು ಓದಿದ್ದನ್ನು ಯಾವ ವಕೀಲರೂ ಪಾಟೀಸವಾಲಿಗೆ ಒಳಪಡಿಸಲಾರರು. ಆರೋಪಿಗೆ ಅದು ಗೊತ್ತೇ ಆಗುವುದಿಲ್ಲ, ಗೊತ್ತಿಲ್ಲದ್ದಕ್ಕೆ ಉತ್ತರ ಕೊಡುವುದೆಲ್ಲಿಂದ ಬಂತು?

2015ರಲ್ಲಿ ಹೊಸ ಕಾಯ್ದೆ ಬಂದು, ಇಂಥ ಹುಡುಕಾಟ ಎರಡು ವರ್ಷದವರೆಗೆ ಜೈಲು ವಿಧಿಸಬಹುದಾದ ಪ್ರತ್ಯೇಕ ಅಪರಾಧವಾಯಿತು. ಫೋನ್ ತೆಗೆದಿಡಿಸುವ ಅಧಿಕಾರವೂ ನ್ಯಾಯಾಧೀಶರಿಗೆ ಸಿಕ್ಕಿತು. ಆದರೆ ಕಾಯ್ದೆ ಹಿಡಿಯುವುದು ಬೇಕೆಂದೇ ಹುಡುಕಿದವರನ್ನು ಮಾತ್ರ. 2010ರಲ್ಲಿ ಪ್ರೊಫೆಸರ್ ಶೆರಿಲ್ ಥಾಮಸ್ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಸುದ್ದಿಯಾದ ಪ್ರಕರಣಗಳ ಜ್ಯೂರಿಗಳ ಪೈಕಿ 12% ಮಂದಿ ಇಂಟರ್‌ನೆಟ್‌ನಲ್ಲಿ ಹುಡುಕಿದ್ದಾಗಿ ಒಪ್ಪಿಕೊಂಡಿದ್ದರು, ಮಾಹಿತಿ ನೋಡಿದೆವು ಎಂದವರು 26%. ಈಗಂತೂ ಸುದ್ದಿ ಕೇಳದೆಯೇ ಫೋನಿಗೆ ಬಂದು ಬೀಳುತ್ತದೆ. ಅದನ್ನು ಜೈಲಿನ ಹೆದರಿಕೆಯೊಂದರಿಂದಲೇ ತಡೆಯಲಾಗದು. ಯಾಕೆ ಹುಡುಕಬಾರದು ಎಂಬುದನ್ನು ಬಿಡಿಸಿ ಹೇಳಿದರೆ, ಕಂಡರೂ ಪಕ್ಕಕ್ಕಿಡಬೇಕೆಂದು ಹೆಚ್ಚಿನವರಿಗೆ ಅರ್ಥವಾಗುತ್ತದೆ. ಯಾಕೆಂದರೆ ಹುಡುಕುವವರಲ್ಲಿ ಅನೇಕರಿಗೆ ಇರುವುದು ಸರಿಯಾದ ತೀರ್ಪು ಕೊಡಬೇಕೆಂಬ ಕಾಳಜಿಯೇ.

ಅನುಮಾನ ಬಂದರೆ ಕೇಳುವ ದಾರಿ ಅಲ್ಲಿ ಮೊದಲಿನಿಂದಲೂ ಇದೆ: ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೋರ್ಟ್ ಸಿಬ್ಬಂದಿಯ ಕೈಗೆ ಕೊಟ್ಟರೆ ನ್ಯಾಯಾಧೀಶರಿಗೆ ತಲುಪುತ್ತದೆ. ಸಹಸದಸ್ಯರು ಏನನ್ನಾದರೂ ಹುಡುಕಿ ಬಂದರೆ ಅದನ್ನೂ ತಡಮಾಡದೆ ತಿಳಿಸಬೇಕು. ಲೂಟನ್‌ನ ವಿಷಯ ಹೊರಬಂದದ್ದು ಜೊತೆಗಿದ್ದ ಜ್ಯೂರಿಯೊಬ್ಬರು ಬಾಯಿಬಿಟ್ಟಿದ್ದರಿಂದಲೇ.